ಹಳೇ ಅಳತೆಯ ಕುಬಸ

ಬಸವನ ಬಾಗೇವಾಡಿಯ ಆ ಓಣಿಯಲ್ಲಿ ಕುಬಸ ಹೊಲಿಸಲು ಬರುವ ಹೆಂಗಸರು ಅಳತೆ ಕೊಟ್ಟು ಸುಮ್ಮನೆ ಮನೆಗೆ ಹೋಗುವ ಪೈಕಿ ಅಲ್ಲ. ವಿಜಯಲಕ್ಷ್ಮಿ ಟೇಪು ಹಿಡಿದು ಅವರ ತೋಳು, ಎದೆ, ಸೊಂಟ ಸುತ್ತುತ್ತಿದ್ದರೆ ಅವರ ಕಣ್ಣೆಲ್ಲ ಇವಳ ಸೊಂಟದ ಮೇಲೆ.

"ಯವ್ವಾ, ಮೊದಲ ಹೆಂಗಿದ್ದಿ, ಈಗ ಹೆಂಗ ಆಗೀದಿ! ಅದೇನ ಮಾಡಿದಿ ನಮಗೂ ಒಂಚೂರ ಹೇಳವಾ" ಎಂದು ಗಂಟುಬೀಳುತ್ತಿದ್ದರು.

"ಏನಿಲ್ರಿ. ಒಂದ ರೊಟ್ಟಿ, ಪಲ್ಲೆ ಜಾಸ್ತಿ, ಸಕ್ಕರಿ ಬಂದ್, ಮುಂಜಾನೆದ್ದು ನಡಿಯೂದು. ಇಷ್ಟ ರಿ" ಎಂದು ವಿಜಯಲಕ್ಷ್ಮಿ ಬಾಯಿ ಪೂರ್ತಿ ತೆರೆಯದೆ ಹೇಳುತ್ತಿದ್ದಳು. ತೆರೆದರೆ ಹಲ್ಲಿನ ಸಂದಿಯಲ್ಲಿ ಸಿಕ್ಕ ಶೇಂಗಾ ಕಂಡೀತೆಂಬ ಭಯ. ಬಂದವರು ಹೌದೌದು ಎಂದು ತಲೆಯಾಡಿಸಿ, ನಾಳೆಯಿಂದ ನಾವೂ ಸಕ್ಕರೆ ಬಿಟ್ಟೆವೆಂದು ಆಣೆ ಮಾಡಿ ಹೋಗುತ್ತಿದ್ದರು. ಅವರು ಹೊಸ್ತಿಲು ದಾಟಿದ್ದೇ ಇವಳು ಹೊಲಿಗೆ ಯಂತ್ರದ ಮೇಲೆ ತಲೆ ಇಟ್ಟು, ನನ್ನಂಥ ಸುಳ್ಳಿ ಈ ತಾಲೂಕಿನಲ್ಲೇ ಇಲ್ಲ ಎಂದು ಹಲುಬುತ್ತಿದ್ದಳು.

ಹೇಳಿದ್ದು ಪೂರಾ ಸುಳ್ಳೂ ಅಲ್ಲ, ಅದೇ ತಾಪತ್ರಯ. ಮದುವೆಯಾಗಿ ಆರು ವರ್ಷವಾದರೂ ಅವಳಿಗೆ ಮಕ್ಕಳಿರಲಿಲ್ಲ. ಮುಟ್ಟು ಬಂದರೆ ಬಂತು, ಇಲ್ಲದಿದ್ದರೆ ತಿಂಗಳುಗಟ್ಟಲೆ ಪತ್ತೆಯಿಲ್ಲ. ವಿಜಯಪುರದ ಡಾಕ್ಟರಮ್ಮ ಸ್ಕ್ಯಾನ್ ಮಾಡಿಸಿ, "ಗುಳಿಗಿ ಆಮ್ಯಾಲ. ಮೊದಲ ತೂಕ ಇಳಸು. ತೂಕ ಇಳೀತಂದ್ರ ಮುಟ್ಟು ಸರಿ ಹೋಗತೈತಿ, ಮುಂದಿಂದು ಮುಂದ ನೋಡೂಣು" ಎಂದು ಖಡಾಖಂಡಿತವಾಗಿ ಹೇಳಿದ್ದಳು. ವಿಜಯಲಕ್ಷ್ಮಿ ಹಟಕ್ಕೆ ಬಿದ್ದಳು ನೋಡಿ. ಪಕ್ಕದ ಮನೆಯ ಸಾಬೀರಾಳನ್ನು ಜೊತೆ ಮಾಡಿಕೊಂಡು ದಿನಾ ಬೆಳಕು ಹರಿಯುವ ಮುಂಚೆ ಮುದ್ದೇಬಿಹಾಳದ ರಸ್ತೆ ಹಿಡಿದು ನಡೆದಳು. ಹಬ್ಬದ ದಿನ ಎಲ್ಲರ ಎಲೆಗೂ ಹೋಳಿಗೆ ಬಡಿಸಿ ತಾನು ಸೌತೆಕಾಯಿ ಕಡಿದಳು. ಒಂದು ವರ್ಷದಲ್ಲಿ ಇಪ್ಪತ್ತು ಕಿಲೋ ಇಳಿಯಿತು, ಮುಟ್ಟು ತಿಂಗಳಿಗೆ ಸರಿಯಾಗಿ ಬರತೊಡಗಿತು. ಗಂಡ ಸಂಜೀವಕುಮಾರನಿಗೆ ಮುಳವಾಡ ಏತ ನೀರಾವರಿಯ ಪಂಪ್‌ಹೌಸಿನಲ್ಲಿ ಪಾಳಿ ಕೆಲಸ. ಪಾಳಿ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು, "ನನ್ನ ಹೇಣ್ತಿ ಎಲ್ಲಿ ಹ್ವಾದಳರಿ, ನೀವ್ಯಾರು?" ಎಂದು ಕಾಡುತ್ತಿದ್ದ. ಅವಳಿಗೆ ನಾಚಿಕೆಯೂ ಆಗುತ್ತಿತ್ತು, ಹೇಳಲಾರದಷ್ಟು ಖುಷಿಯೂ ಆಗುತ್ತಿತ್ತು.

ಆದರೆ ತೂಕ ಇಳಿಸುವುದು ಒಂದು ಕೆಲಸ, ಇಳಿದದ್ದನ್ನು ಹಿಡಿದಿಡುವುದು ಬೇರೆಯೇ ಕೆಲಸ. ಮೊದಲನೆಯದನ್ನು ಊರೆಲ್ಲ ಹೊಗಳಿತು. ಎರಡನೆಯದು ಹೇಗೆಂದು ಒಬ್ಬರೂ ಹೇಳಿಕೊಡಲಿಲ್ಲ.

ಕೆಟ್ಟ ಗಳಿಗೆ ಬಂದದ್ದು ಇಂಡಿ ಊರಿನಲ್ಲಿ, ನಾದಿನಿಯ ಕೂಸಿನ ತೊಟ್ಟಿಲ ಕಾರ್ಯದ ದಿನ. ಬಂದ ಹೆಂಗಸರೆಲ್ಲ "ಎಷ್ಟ ತೆಳ್ಳಗಾಗೀದಿ" ಎಂದು ಹೊಗಳಿ, ಅದೇ ಉಸಿರಿಗೆ "ಮತ್ತ ಇನ್ನೂ ಏನೂ ಇಲ್ಲೇನು?" ಎಂದು ಕೇಳಿದರು. ವಿಜಯಲಕ್ಷ್ಮಿ ನಕ್ಕಳು, ತೊಟ್ಟಿಲು ತೂಗಿದಳು, ನೀರು ಕುಡಿಯುವ ನೆಪ ಮಾಡಿ ಒಳಕೋಣೆಗೆ ಹೋದಳು. ಅಲ್ಲಿ ಪರಾತದ ತುಂಬ ಅಂಟಿನ ಉಂಡಿ. ವರ್ಷದಿಂದ ಸಿಹಿ ಮುಟ್ಟದವಳು ಒಂದನ್ನು ಮುರಿದು ಬಾಯಿಗಿಟ್ಟಳು. ಅಷ್ಟಕ್ಕೆ ನಿಂತಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ. ಆದರೆ, 'ಕೆಟ್ಟಿಯಲ್ಲ, ಇನ್ನ ಒಂದಾದರೇನು, ಹತ್ತಾದರೇನು' ಎಂದು ತಲೆಯೊಳಗೆ ಯಾರೋ ಹೇಳಿದಂತಾಯಿತು. ಬಾಗಿಲ ಹಿಂದೆ ನಿಂತು, ಅಗಿಯುವುದಕ್ಕೂ ಪುರಸೊತ್ತಿಲ್ಲದ ಹಾಗೆ ತಿಂದಳು. ಹೊರಗೆ ಜೋಗುಳ ಹಾಡುತ್ತಿದ್ದರು.

ಮರುದಿನ ಮನೆಯಲ್ಲಿ ಅದಕ್ಕೆ ಪ್ರಾಯಶ್ಚಿತ್ತ. ಸಕ್ಕರೆ ಇಲ್ಲದ ಚಹಾ ಬಿಟ್ಟರೆ ಬಾಯಿಗೆ ಏನೂ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹಸಿವಿಗೆ ಸೂಜಿಯ ಕಣ್ಣೂ ಕಾಣಲಿಲ್ಲ. ಮಾವ ಹೊಲಕ್ಕೆ ಹೋಗಿದ್ದ, ಅತ್ತೆ ಸಿದ್ದವ್ವ ಊಟ ಮುಗಿಸಿ ಪಡಸಾಲೆಯಲ್ಲಿ ಗೋಡೆಗೆ ಮುಖ ಮಾಡಿ ಅಡ್ಡಾಗಿದ್ದಳು. ವಿಜಯಲಕ್ಷ್ಮಿಯ ಕಾಲು ತಾವಾಗಿ ಅಡುಗೆಮನೆಗೆ ನಡೆದವು.

ಅಲ್ಲಿಂದ ಅದೇ ಅವಳ ಬಾಳಾಯಿತು. ಒಂದು ದಿನ ಉಪವಾಸ, ಮರುದಿನ ಡಬ್ಬಿ. ಸಪ್ಪಳವಾಗದಂತೆ ಮುಚ್ಚಳಕ್ಕೆ ಸೆರಗು ಸುತ್ತಿ ತೆಗೆಯುವುದನ್ನೂ ಕಲಿತಳು. ಶೇಂಗಾ ಹೋಳಿಗೆ ಇದ್ದರೆ ಹೋಳಿಗೆ, ಇಲ್ಲದಿದ್ದರೆ ಒಣ ರೊಟ್ಟಿಗೆ ಬೆಲ್ಲ, ಬೆಲ್ಲ ಮುಗಿದರೆ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಅದೂ ಮುಗಿದರೆ ಹಸಿ ರವೆಗೆ ಸಕ್ಕರೆ ಕಲಸಿ ಮುಕ್ಕುವುದು. ಶಿವನೇ, ಹಸಿ ರವೆ! ರುಚಿ ಎನ್ನುವುದು ಮೊದಲ ತುತ್ತಿಗೇ ಮುಗಿದಿರುತ್ತಿತ್ತು. ಆಮೇಲೆ ಹಸಿವೂ ಇಲ್ಲ, ರುಚಿಯೂ ಇಲ್ಲ. ಕೈ ಹೋಗುತ್ತದೆ, ಬಾಯಿ ಅಗಿಯುತ್ತದೆ, ತಾನು ಪಕ್ಕದಲ್ಲಿ ನಿಂತು ನೋಡುತ್ತಿದ್ದೇನೆ ಅನಿಸುತ್ತಿತ್ತು. ಹೊಟ್ಟೆ ಬಿರಿಯುವಂತಾದಾಗ ಕೈ ನಿಲ್ಲುತ್ತಿತ್ತು, ಆಗ ಅಳು ಬರುತ್ತಿತ್ತು. ಒಮ್ಮೆಯಂತೂ ಹಿತ್ತಲಿಗೆ ಓಡಿ ಬಚ್ಚಲ ಗೋಡೆ ಹಿಡಿದು ಎಲ್ಲ ಕಾರಿಕೊಂಡಳು.

ತೆಳ್ಳಗಾಗುವಾಗ ತನ್ನ ಕುಬಸಗಳನ್ನೆಲ್ಲ ಒಂದೊಂದೇ ಹೊಲಿಗೆ ಒಳಗೆ ತಂದಿದ್ದಳು. ಆಗ ಅದೆಂಥ ಸಂಭ್ರಮ! ಈಗ ಬಾಗಿಲು ಹಾಕಿಕೊಂಡು ಅವೇ ಹೊಲಿಗೆಗಳನ್ನು ಒಂದೊಂದೇ ಬಿಚ್ಚತೊಡಗಿದಳು. ಮುಟ್ಟು ಮತ್ತೆ ನಿಂತಿತು. ಒಂದು ಕ್ಷಣ ಆಸೆ ಚಿಗುರಿ, ಔಷಧದ ಅಂಗಡಿಯಿಂದ ಬಸಿರು ಪರೀಕ್ಷೆಯ ಪಟ್ಟಿ ತಂದು ನೋಡಿದಳು. ಒಂದೇ ಗೆರೆ. ಮುಂದಿನ ತಿಂಗಳು ಮತ್ತೆ ನೋಡಿದಳು, ಮತ್ತೆ ಒಂದೇ ಗೆರೆ. ತೂಕ ಏರಿದ್ದಕ್ಕೆ ಹಳೇ ಕಾಯಿಲೆ ವಾಪಸು ಬಂದಿತ್ತು, ಅಷ್ಟೇ. ಯಾರ ಮುಂದೆ ಹೇಳುವುದು? ಕೂಸಿಗಾಗಿ ವರ್ಷವಿಡೀ ಬಾಯಿ ಕಟ್ಟಿದವಳು ತುತ್ತಿಗಾಗಿ ಕೂಸನ್ನು ಕಳೆದುಕೊಳ್ಳುತ್ತಿದ್ದೇನೆ ಎಂದು ಯಾವ ಬಾಯಿಂದ ಹೇಳುವುದು?

ಒಮ್ಮೆ ಧೈರ್ಯ ಮಾಡಿ ಗಂಡನ ಮುಂದೆ ಕುಳಿತಳು. "ನನಗ ತಿನ್ನೂದ ನಿಲ್ಲಸಾಕ ಆಗವಲ್ದು" ಎಂದಳು.

"ನಮ್ಮವ್ವನ ಶೇಂಗಾ ಹೋಳಿಗಿ ಕಂಡ್ರ ಯಾರಿಗಿ ನಿಲ್ಲಸಾಕ ಆಗತೈತಿ?" ಎಂದು ಅವನು ನಕ್ಕ. "ತಿನ್ನು, ಏನಾಗತೈತಿ? ಒಂದ ವರ್ಷ ಪೂರಾ ಉಪಾಸ ಇದ್ದಿಯಲ್ಲ."

ಒಳ್ಳೆಯ ಮನುಷ್ಯ, ಪಾಪ. ಅವನ ನಗುವಿಗೆ ಅವಳೂ ನಕ್ಕು, ಎದ್ದು ಹೊಲಿಗೆ ಯಂತ್ರದ ಕಡೆ ಹೋದಳು.

ಇದರ ನಡುವೆ ಇನ್ನೊಂದು ವಿಚಿತ್ರ ಶುರುವಾಯಿತು. ಅವಳು ಖಾಲಿ ಮಾಡಿದ ಡಬ್ಬಿ ಮರುದಿನ ತುಂಬಿರುತ್ತಿತ್ತು. ಬೈಗುಳವಿಲ್ಲ, ವಿಚಾರಣೆಯಿಲ್ಲ. ಹೋಳಿಗೆ ಮುಗಿದರೆ ಹೋಳಿಗೆ, ಬೆಲ್ಲ ಮುಗಿದರೆ ಬೆಲ್ಲ, ಮೇಲಾಗಿ ಮೊದಲು ಇರದಿದ್ದ ಕರದಂಟು ಬೇರೆ. ಸಿದ್ದವ್ವನಿಗೆ ಸಕ್ಕರೆ ಕಾಯಿಲೆ, ಆಕೆ ಸಿಹಿ ಮುಟ್ಟುವ ಹಾಗಿಲ್ಲ. ಮಾವನಿಗೆ ಹಲ್ಲಿಲ್ಲ, ಗಂಡ ಹೋಳಿಗೆ ಬಿಟ್ಟು ಬೇರೆ ಸಿಹಿ ಕೇಳುವವನಲ್ಲ. ಹಾಗಾದರೆ ಈ ಕರದಂಟು ಯಾರಿಗೆ?

"ಅತ್ತಿ, ಇಷ್ಟ ಯಾಕ ಮಾಡ್ತೀರಿ? ಬ್ಯಾಡ್ರಿ, ನಿಮ್ಮ ಕಾಲ ಬಿದ್ದ ಕೇಳ್ತೇನಿ" ಎಂದು ವಿಜಯಲಕ್ಷ್ಮಿ ಅಂಗಲಾಚಿದಳು.

"ಇರಲಿ ಬಿಡ ನನ್ನವ್ವ. ಮನ್ಯಾಗ ಒಂದ ಡಬ್ಬಿ ತುಂಬಿರಬೇಕು" ಎಂದು ಸಿದ್ದವ್ವ ಬೇರೆ ಕಡೆ ನೋಡಿ ನಕ್ಕಳು.

ನಡೆಯಲು ಹೋಗದ ಮುಂಜಾನೆಗಳು ಹೆಚ್ಚಿದವು. ಸಾಬೀರಾ ಬಾಗಿಲಿಗೆ ಬಂದು, "ನನಗ ಚಟಾ ಹಚ್ಚಿ ನೀ ಮಲಗ್ತೀ ಏನ?" ಎಂದು ಜಗಳ ತೆಗೆದರೆ, ಸಿದ್ದವ್ವನೇ ಅಡ್ಡ ಬಂದು "ಈಗ ಬ್ಯಾಡವಾ ಸಾಬೀರಾ, ಆಕಿ ಒಂದೀಟು ಸುಧಾರಿಸಿಕೊಳ್ಳಲಿ" ಎಂದು ವಾಪಸು ಕಳಿಸುತ್ತಿದ್ದಳು. ಬಾವಿಯಿಂದ ಮೇಲೆ ಬರಲು ಒದ್ದಾಡುವವಳ ತಲೆಯ ಮೇಲೆ ಯಾರೋ ಪ್ರೀತಿಯಿಂದ ಕೈಯಿಟ್ಟು ಒತ್ತಿದಂತೆ ಇತ್ತು ಇದು. ಹುಚ್ಚು ಹಿಡಿಯುವುದೊಂದು ಬಾಕಿ. ಇನ್ನೊಂದು ಸಲ ಡಬ್ಬಿ ಮುಟ್ಟಿದರೆ ಅತ್ತೆಯನ್ನು ಎಬ್ಬಿಸಿ ಎಲ್ಲ ಹೇಳಿಬಿಡುವುದು ಎಂದು ಅವಳು ದಿನಾ ನಿಶ್ಚಯಿಸುತ್ತಿದ್ದಳು, ದಿನಾ ಮುಟ್ಟುತ್ತಿದ್ದಳು, ಗೋಡೆಗೆ ಮುಖ ಮಾಡಿ ಮಲಗಿದ ಅತ್ತೆಯನ್ನು ದಾಟಿ ಹೋಗುತ್ತಿದ್ದಳು.

ಒಂದು ಸೋಮವಾರ ಮುಂಜಾನೆ, ಗಂಡಸರಿಬ್ಬರೂ ಕೆಲಸಕ್ಕೆ ಹೋದ ಮೇಲೆ, ಹೇಳದೆ ಕೇಳದೆ, ಮುದ್ದೇಬಿಹಾಳದಿಂದ ಅವಳ ತವರಿನ ಅವ್ವ ಬಂದಿಳಿದಳು. ತಲೆಯ ಮೇಲೆ ಬಿಳಿ ಅರಿವೆ ಕಟ್ಟಿದ ದೊಡ್ಡ ಬುಟ್ಟಿ, ಬಗಲಲ್ಲಿ ಕೈಚೀಲ. ಸಿದ್ದವ್ವ ಆಕೆಯ ದಾರಿಯನ್ನೇ ಕಾಯುತ್ತಿದ್ದವಳಂತೆ ಬುಟ್ಟಿ ಇಳಿಸಿಕೊಂಡು, ಸಾಬೀರಾಳನ್ನು ಕೂಗಿ ಕರೆದು, ತಲೆಬಾಗಿಲ ಅಗಳಿ ಹಾಕಿದಳು. ಹಾಡು ಹಗಲು ಬಾಗಿಲು ಯಾಕೆ ಹಾಕುತ್ತಾರೆಂದು ವಿಜಯಲಕ್ಷ್ಮಿ ಬೆಪ್ಪಾಗಿ ನೋಡಿದಳು.

"ಯಾರಿಗೂ ಸುದ್ದಿ ಕೊಟ್ಟಿಲ್ಲ ಹೌದಿಲ್ರಿ ಬೀಗತಿ?" ಎಂದಳು ಸಿದ್ದವ್ವ.

"ಅಯ್ಯ, ಅವರಪ್ಪಗೂ ಹೇಳಿಲ್ರಿ. ಸಂತಿಗಿ ಹೊಂಟೇನಿ ಅಂತ ಹೇಳಿ ಬಂದೇನಿ" ಎಂದು ಅವ್ವ ಕೈಚೀಲದಿಂದ ಹಸಿರು ಕುಬಸ ತೆಗೆದಳು.

ಹಸಿರು ಕುಬಸ ಕಂಡದ್ದೇ ವಿಜಯಲಕ್ಷ್ಮಿಗೆ ಎಲ್ಲ ತಿಳಿಯಿತು. ಕಳ್ಳ ಕುಬಸ! ಬಸುರಿಗೆ ಮೂರನೇ ತಿಂಗಳು ನಡೆಯುವಾಗ, ಊರಿನ ಕಣ್ಣು ತಾಗಬಾರದೆಂದು ತವರಿನವರು ಸುದ್ದಿಯಿಲ್ಲದೆ ಬಂದು, ಬಾಗಿಲು ಮುಚ್ಚಿ, ಹಸಿರು ಕುಬಸ ತೊಡಿಸಿ, ಅವಳ ನಾಲಿಗೆ ಬೇಡಿದ್ದನ್ನೆಲ್ಲ ಉಣ್ಣಿಸಿ ಹೋಗುವ ಶಾಸ್ತ್ರ. ಅಲ್ಲಿಯ ತನಕ ಬಸುರಿಯನ್ನು ಹೌದೇನು ಎಂದು ಕೇಳಲೂ ಬಾರದು, ಅವಳೇ ಮುಚ್ಚಿಟ್ಟರೆ ಕಂಡೂ ಕಾಣದಂತಿರಬೇಕು. ಸಿದ್ದವ್ವ ಅದನ್ನು ಚಾಚೂ ತಪ್ಪದೆ ಪಾಲಿಸಿದ್ದಳು.

"ನನಗ ಗೊತ್ತಿಲ್ಲ ಅಂತ ತಿಳಿದೇನ?" ಸಿದ್ದವ್ವ ಸೊಸೆಯ ಗಲ್ಲ ಹಿಡಿದಳು. ಆಕೆಯ ಕಣ್ಣು ತುಂಬಿದ್ದವು. "ಹೊರಗ ಕುಂತಿಲ್ಲ ಮೂರ ತಿಂಗಳಾತು. ಬಚ್ಚಲದಾಗ ವಾಂತಿ ಮಾಡಿಕೊಂಡಿದ್ದೂ ಕೇಳೇನಿ. ಡಬ್ಬಿ ಖಾಲಿ ಆದಂಗ ನಾನ ತುಂಬಸ್ತಿದ್ದೆ. ನೀ ನಾಚಿಕೊಂಡು ತಿನ್ನೂದು ಬಿಟ್ಟಗಿಟ್ಟಿ ಅಂತ ಗ್ವಾಡಿಗಿ ಮುಖ ಮಾಡಿ ಮಲಗ್ತಿದ್ದೆ. ನಿದ್ದಿ ಎಲ್ಲೀದು? ನೀ ತಿನ್ನೂ ಸಪ್ಪಳ ಕೇಳಕೋತ ಬಿದ್ದಿರ್ತಿದ್ದೆ. ಎಷ್ಟ ಸಮಾಧಾನ ಆಕ್ಕಿತ್ತವ್ವ ನನಗ!"

ವಿಜಯಲಕ್ಷ್ಮಿ ಬಾಯಿ ತೆರೆದಳು. ಇಲ್ಲ ಎನ್ನುವ ಎರಡಕ್ಷರ ಸಾಕಿತ್ತು. ಆದರೆ ಅವ್ವ ಅಷ್ಟರಲ್ಲಿ ಅವಳನ್ನು ತಬ್ಬಿಕೊಂಡು ಬಿಕ್ಕುತ್ತಿದ್ದಳು. ಆರು ವರ್ಷ ಊರವರ ಮಾತು ಕೇಳಿ ಕೇಳಿ ಬತ್ತಿಹೋದ ಅವ್ವ, ಇವತ್ತು ತಲೆಗೆ ಎಣ್ಣೆ ಹಚ್ಚಿ, ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು. ಆ ಮುಖಕ್ಕೆ ಹೇಗೆ ಹೇಳುವುದು? ಕುಬಸ ತೊಟ್ಟ ಮೇಲೆ ಹೇಳುತ್ತೇನೆ, ಒಂದು ಗಳಿಗೆ ಆಕೆಯ ಖುಷಿ ಇರಲಿ, ಎಂದುಕೊಂಡಳು.

ಅವ್ವನೇ ಒಳಗೆ ಕರೆದೊಯ್ದು ತೊಡಿಸಿದಳು. "ನಮ್ಮ ಮನ್ಯಾಗ ನಿನ್ನ ಹಳೇ ಕುಬಸ ಇತ್ತಲ್ಲ, ನೀ ದಪ್ಪ ಇದ್ದಾಗಿಂದು, ಅದನ್ನ ಅಳತಿಗಿ ಕೊಟ್ಟಿನ್ನಿ. ಮುಂದ ದಿನಾ ತುಂಬಿದಂಗ ಬೇಕಾಗತೈತಿ, ಈಗ ಸಡ್ಲ ಆದ್ರ ಆಗಲಿ ಅಂತ" ಎನ್ನುತ್ತ ಕೊಂಡಿ ಹಾಕತೊಡಗಿದಳು. ಮೊದಲನೆಯ ಕೊಂಡಿ ಕೂತಿತು. ಎರಡನೆಯದು ಕೂತಿತು. ಮೂರನೆಯದಕ್ಕೆ ಅವ್ವ ಸ್ವಲ್ಪ ಎಳೆಯಬೇಕಾಯಿತು. ತೋಳಿನಲ್ಲಿ ಒಂದು ಬೆರಳು ತೂರುವಷ್ಟೂ ಜಾಗವಿರಲಿಲ್ಲ.

"ನೋಡು, ಹೆಂಗ ಸರೀ ಕುಂತೈತಿ!" ಎಂದು ಅವ್ವ ದೃಷ್ಟಿ ನೀವಾಳಿಸಿದಳು.

ಊರಿನ ಹೆಂಗಸರ ಮೈಯನ್ನೆಲ್ಲ ಅಳೆಯುವ ವಿಜಯಲಕ್ಷ್ಮಿಗೆ ಕನ್ನಡಿಯೂ ಬೇಕಾಗಲಿಲ್ಲ, ಟೇಪೂ ಬೇಕಾಗಲಿಲ್ಲ. ಆ ವರ್ಷವೆಲ್ಲ, ಆ ಮುಂಜಾನೆಗಳೆಲ್ಲ, ಬಿಟ್ಟ ಹೋಳಿಗೆಗಳೆಲ್ಲ ಮೂರು ಕೊಂಡಿಯಲ್ಲಿ ಮುಗಿದುಹೋಗಿದ್ದವು.

ಪಡಸಾಲೆಯಲ್ಲಿ ಮಣೆ ಹಾಕಿ ಅವಳನ್ನು ಕೂರಿಸಿದರು. ಅರಿಷಿಣ ಕುಂಕುಮ ಹಚ್ಚಿ ಉಡಿ ತುಂಬಿದರು. ಬುಟ್ಟಿಯ ಅರಿವೆ ಬಿಚ್ಚಿ ಎದುರಿಗಿಟ್ಟರು: ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕರಚಿಕಾಯಿ, ಬುಂದಿ ಉಂಡಿ, ತುಪ್ಪ ಸುರಿದ ಸಿಹಿ ಪುಡಿ ಮಾದಲಿ. ತುಪ್ಪದ ವಾಸನೆ ಮೂಗಿಗೆ ಬಡಿದದ್ದೇ ಅವಳ ಬಾಯಲ್ಲಿ ನೀರೂರಿತು. ಆ ನೀರಿಗೆ ಅವಳಿಗೆ ಹೇಸಿಗೆಯಾಯಿತು.

"ಬ್ಯಾಡ ಅವ್ವಾ. ಇದನ್ನ ನನ್ನ ಮುಂದಿಂದ ತಗೀರಿ" ಎಂದಳು. ದನಿ ಎಷ್ಟು ಸಣ್ಣಗಿತ್ತೆಂದರೆ ನಾಚಿಕೆ ಎಂದೇ ಎಲ್ಲರೂ ತಿಳಿದರು.

"ಹಂಗ ಅನಬಾರದು. ಒಂದ ತುತ್ತರ ತಿನ್ನಾಕ ಬೇಕು" ಎಂದು ಅವ್ವ ಹೋಳಿಗೆ ಮುರಿದು ಬಾಯಿಗಿಟ್ಟೇಬಿಟ್ಟಳು.

ಒಂದು ತುತ್ತು ಎನ್ನುವುದು ವಿಜಯಲಕ್ಷ್ಮಿಗೆ ಇರಲಿಲ್ಲ, ಅದನ್ನು ಅಲ್ಲಿದ್ದ ಯಾರೂ ತಿಳಿದಿರಲಿಲ್ಲ. ತುತ್ತು ಗಂಟಲಿಗಿಳಿಯಿತು, ಅವಳ ಕೈ ಬುಟ್ಟಿಗೆ ಹೋಯಿತು. ಮೂವರೂ ನಕ್ಕರು. "ತಿನ್ನು ತಿನ್ನು, ಒಳಗಿನಾವ ಬೇಡಾಕತ್ಯಾನ!" ಎಂದು ಸಾಬೀರಾ ಚಪ್ಪಾಳೆ ತಟ್ಟಿದಳು. ಎರಡನೆಯ ಹೋಳಿಗೆಗೂ ನಕ್ಕರು. ಉಂಡಿಗೂ ನಕ್ಕರು. ಆಮೇಲೆ ನಗು ತಗ್ಗಿತು. ಅವಳು ಎರಡೂ ಕೈಯಿಂದ ತಿನ್ನುತ್ತಿದ್ದಳು. ಮಾದಲಿ ಹಸಿರು ಕುಬಸದ ಮೇಲೆ ಉದುರುತ್ತಿತ್ತು, ತುಪ್ಪ ಮೊಣಕೈಗೆ ಇಳಿಯುತ್ತಿತ್ತು, ಕಣ್ಣಿಂದ ನೀರು ಧಾರಾಕಾರ ಸುರಿಯುತ್ತಿತ್ತು, ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ತಿಂಗಳುಗಟ್ಟಲೆ ಡಬ್ಬಿಯ ಮುಂದೆ ಒಬ್ಬಳೇ ಮಾಡಿದ್ದನ್ನು ಈಗ ಮೂವರ ಎದುರು ಮಾಡುತ್ತಿದ್ದಳು.

"ವಿಜೀ, ಸಾಕವ್ವ..." ಎಂದಳು ಅವ್ವ. ಕೈ ನಿಲ್ಲಲಿಲ್ಲ.

ಸಿದ್ದವ್ವ ಎದ್ದು ಬಂದು ಸೊಸೆಯ ಮಣಿಕಟ್ಟು ಹಿಡಿದಳು. "ಏನ ಮಾಡಾಕತ್ತಿ? ಏನಾಗೈತಿ ನಿನಗ?"

ವಿಜಯಲಕ್ಷ್ಮಿ ಬಾಯಲ್ಲಿದ್ದದ್ದನ್ನು ಕಷ್ಟಪಟ್ಟು ನುಂಗಿದಳು.

"ಹೊಟ್ಟ್ಯಾಗ ಕೂಸಿಲ್ರಿ ಅತ್ತಿ. ಬರೇ ಹೋಳಿಗಿ ಐತಿ" ಎಂದಳು. "ಪಟ್ಟಿ ತಂದ ಎರಡ ಸಲ ನೋಡೇನಿ. ಏನೂ ಇಲ್ಲ. ತಿಂದ ತಿಂದ ಮತ್ತ ದಪ್ಪ ಆಗೇನಿ, ಅದಕ್ಕ ಮುಟ್ಟ ನಿಂತೈತಿ. ನನಗ ನಿಲ್ಲಸಾಕ ಆಗವಲ್ದರಿ. ಹಸಿವಿ ಇರೂದಿಲ್ಲ, ಆದ್ರೂ ಕೈ ಹೋಗತೈತಿ. ಸತ್ತರ ಚಲೋ ಅನಸತೈತಿ."

ಸಿದ್ದವ್ವನ ಹಿಡಿತ ಸಡಿಲವಾಯಿತು. ಮೂರು ತಿಂಗಳು ಮನಸ್ಸಿನಲ್ಲೇ ಎತ್ತಿ ಆಡಿಸಿದ ಮೊಮ್ಮಗು ಒಂದು ಮಾತಿಗೆ ಇಲ್ಲವಾಗಿತ್ತು. ಮುದುಕಿ ಹಿತ್ತಲಿಗೆ ನಡೆದು, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಸಿದಳು. ಅವ್ವ ಸೆರಗಿನಿಂದ ಮುಖ ಮುಚ್ಚಿಕೊಂಡು ಮೂಲೆಗೆ ಸರಿದಳು. ಸಾಬೀರಾಳೊಬ್ಬಳೇ, ತಾನು ತಟ್ಟಿದ ಚಪ್ಪಾಳೆಗೆ ನಾಚಿ, ಏನು ಮಾಡುವುದೆಂದು ತಿಳಿಯದೆ ನಿಂತಿದ್ದಳು.

"ಸಾಬೀರಾ, ಬುಟ್ಟಿ ನಿಮ್ಮ ಮನಿಗಿ ಒಯ್ಯಿ. ಈಗ ಒಯ್ಯಿ. ನಾ ಕೇಳಾಕ ಬಂದ್ರೂ ಕೊಡಬ್ಯಾಡ" ಎಂದಳು ವಿಜಯಲಕ್ಷ್ಮಿ. ಸಾಬೀರಾ ಅರಿವೆ ಕಟ್ಟಿ ಬುಟ್ಟಿ ಎತ್ತಿಕೊಂಡಳು. "ನಾಳಿ ಮುಂಜಾನೆ ಬಾಗಲಾ ಬಡೀತೇನಿ. ನಡೀದಿದ್ರೂ ಚಿಂತಿಲ್ಲ, ಎದ್ದ ಬಂದ ಕಟ್ಟಿ ಮ್ಯಾಲ ಕುಂದ್ರು" ಎಂದು ಹೋದಳು.

ಕೈ ತೊಳೆಯಲು ವಿಜಯಲಕ್ಷ್ಮಿ ಅಡುಗೆಮನೆಗೆ ಬಂದಳು. ತೊಳೆದಳು, ಮುಖಕ್ಕೂ ನೀರು ಹಾಕಿಕೊಂಡಳು. ತಲೆ ಎತ್ತಿದರೆ, ಹಲಗೆಯ ಮೇಲೆ ಆ ಡಬ್ಬಿ. ನಿನ್ನೆ ಸಂಜೆ ಸಿದ್ದವ್ವ ತುಂಬಿಸಿಟ್ಟದ್ದು. ಎಲ್ಲ ಹೇಳಿಬಿಟ್ಟೆನಲ್ಲ, ಇನ್ನು ಮುಗಿಯಿತು ಎಂದುಕೊಂಡಿದ್ದಳು. ಎಲ್ಲಿ ಮುಗಿಯುತ್ತದೆ, ಹಾಳಾದದ್ದು! ಹೊಟ್ಟೆ ಬಿರಿಯುತ್ತಿತ್ತು, ಕುಬಸದ ಕೊಂಡಿ ಮೈಯನ್ನು ಕೊರೆಯುತ್ತಿತ್ತು, ಅಂಥದ್ದರಲ್ಲೂ ಅವಳ ಕೈ ಮೇಲೆ ಹೋಯಿತು, ಡಬ್ಬಿ ಇಳಿಸಿತು, ಅಭ್ಯಾಸದಂತೆ ಮುಚ್ಚಳಕ್ಕೆ ಸೆರಗು ಸುತ್ತಿತು. ಮುಚ್ಚಳ ಸಪ್ಪಳವಿಲ್ಲದೆ ತೆರೆದುಕೊಂಡಿತು.

ಅವಳು ಡಬ್ಬಿಯನ್ನು ಎದೆಗೆ ಅವುಚಿ ಹಿಡಿದು ನಿಂತಳು. ಕೆಳಗಿಡಲು ಬರಲಿಲ್ಲ. ಆಮೇಲೆ, ಯಾವತ್ತೂ ಮಾಡದ ಕೆಲಸವನ್ನು ಮಾಡಿದಳು. ಮುಚ್ಚಳವನ್ನು ನೆಲಕ್ಕೆ ಬೀಸಿ ಒಗೆದಳು. ಅದು ಮನೆಯೆಲ್ಲ ಕೇಳುವಂತೆ ಠಣಠಣ ಸದ್ದು ಮಾಡುತ್ತ ಉರುಳಿತು.

"ಅತ್ತೀ!" ಎಂದು ಕೂಗಿದಳು. "ಅತ್ತೀ, ಬರ್ರಿ ಇಲ್ಲೆ! ನಾ ಡಬ್ಬಿ ಹಿಡಕೊಂಡ ನಿಂತೇನಿ!"

ಅವಳು ಮತ್ತೆ ಕೂಗಿದಳು. ಬಹಳ ಹೊತ್ತಿನ ಮೇಲೆ ಸಿದ್ದವ್ವ ಗೋಡೆ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಅತ್ತು ಅತ್ತು ಆಕೆಯ ಮುಖ ಊದಿತ್ತು. ಸೊಸೆಯನ್ನೂ ಡಬ್ಬಿಯನ್ನೂ ನೋಡಿದಳು.

"ತಿಂದೇನು?"

"ಇನ್ನೂ ಇಲ್ರಿ."

ಸಿದ್ದವ್ವ ಡಬ್ಬಿ ಕಿತ್ತುಕೊಳ್ಳಲಿಲ್ಲ. ನಿಧಾನಕ್ಕೆ ಮೊಣಕಾಲು ಮಡಚಿ ಅಡುಗೆಮನೆಯ ಹೊಸ್ತಿಲಿಗೆ ಒರಗಿ, ಸೊಸೆಯ ಕಡೆಗೆ ಮುಖ ಮಾಡಿ ಕುಳಿತಳು.

"ಹಂಗಾರ ನಾ ಇಲ್ಲೆ ಕುಂದರ್ತೇನಿ" ಎಂದಳು.